ಬ್ಯಾಟರಿ ಬಿಚ್ಚಿದ ಮೇಲೆ ಟೇಪ್ ಕೋಡ್ ಕೇಳಿದರೆ

ಏಪ್ರಿಲ್ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಬ್ಯಾಟರಿ ಅಂಗಡಿಗಳಿಗೆ ಸುಗ್ಗಿ. 40 ಡಿಗ್ರಿ ದಾಟಿದ ಬಿಸಿಲಿಗೆ ಬಾನೆಟ್ ಒಳಗೆ ಬೆಂದ ಬ್ಯಾಟರಿ ಒಂದು ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಅಂಗಡಿಯ ಹುಡುಗ 10 ನಂಬರ್ ಸ್ಪ್ಯಾನರ್ ಹಾಕಿ ಎರಡು ಟರ್ಮಿನಲ್ ಸಡಿಲಿಸಿ, ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಿ, ಹತ್ತು ನಿಮಿಷದಲ್ಲಿ ಕೈ ಒರೆಸಿಕೊಳ್ಳುತ್ತಾನೆ. ಗಾಡಿ ಸ್ಟಾರ್ಟ್ ಆಗುತ್ತದೆ. ಟೇಪ್ ಹಾಕಿದರೆ ಮಾತ್ರ ಆಕಾಶವಾಣಿಯ ಬದಲು ಪರದೆಯ ಮೇಲೆ ‘ಕೋಡ್’ ಅಂತಲೋ ‘ಸೇಫ್’ ಅಂತಲೋ ಬಂದು ನಿಲ್ಲುತ್ತದೆ. ಕಳ್ಳತನ ತಡೆಯಲು ಟೇಪ್‌ಗೆ ಕೊಟ್ಟ ಗುಟ್ಟಿನ ಸಂಖ್ಯೆಯನ್ನು ಅದು ಕೇಳುತ್ತಿದೆ.

ಕ್ಯಾಸೆಟ್ ಹೋಗಿ ಎಷ್ಟೋ ವರ್ಷವಾದರೂ ನಮ್ಮ ಕಡೆ ಕಾರಿನ ರೇಡಿಯೋಗೆ ‘ಟೇಪ್’ ಅನ್ನುವುದು ತಪ್ಪಿಲ್ಲ, ಇಲ್ಲೂ ಹಾಗೇ ಇರಲಿ. ಮಾರುತಿ, ಹುಂಡೈ ಗಾಡಿಗಳ ಬಹಳಷ್ಟು ಸೆಟ್‌ಗಳು ಕೋಡ್ ಕೇಳುವುದಿಲ್ಲ. ಕೇಳುವವು ಹೆಚ್ಚಾಗಿ ರೆನೋ, ಫೋರ್ಡ್, ಹೋಂಡಾ, ಫಿಯೆಟ್, ಸ್ಕೋಡಾ, ಫೋಕ್ಸ್‌ವ್ಯಾಗನ್. ಬೆಂಗಳೂರಲ್ಲೋ ಹೈದರಾಬಾದಲ್ಲೋ ಓಡಿ, ಎರಡು ಮೂರು ಕೈ ದಾಟಿ ಕೆಎ 34, 36, 37ರ ಊರುಗಳಿಗೆ ಬಂದ ಗಾಡಿಯಾದರೆ ಕೋಡ್ ಬರೆದ ಚೀಟಿ ಮೊದಲ ಮಾಲೀಕರ ಬೀರುವಿನಲ್ಲೇ ಉಳಿದಿರುತ್ತದೆ. ಆಗ ಶುರುವಾಗುತ್ತದೆ ಸಾಫ್ಟ್‌ವೇರ್ ಹುಡುಕಾಟ. ಯೂಟ್ಯೂಬ್ ವಿಡಿಯೋ, ವಾಟ್ಸಾಪ್‌ನಲ್ಲಿ ಬಂದ ಜಿಪ್ ಫೈಲು, ‘ಎಲ್ಲಾ ಕಂಪನಿ ಕೋಡ್ ಒಂದೇ ಸಾಫ್ಟ್‌ವೇರ್’ ಎಂಬ ಜಾಹೀರಾತು. ಎಲ್ಲ ಕಂಪನಿಗೂ ಆಗುವ ಒಂದೇ ಸಾಫ್ಟ್‌ವೇರ್ ಇಲ್ಲ. ಇರುವುದು ಮೂರು ಬೇರೆ ಬೇರೆ ದಾರಿ. ನಿಮ್ಮ ಸೆಟ್ ಯಾವ ದಾರಿಯದು ಎಂದು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೂ ಮೊದಲು, ಅಂದಾಜಿನ ಮೇಲೆ ಕೋಡ್ ಒತ್ತಬೇಡಿ. 0000, 1234, ಗಾಡಿ ನಂಬರು, ಹುಟ್ಟಿದ ವರ್ಷ, ಯಾವುದೂ ಬೇಡ. ನಾಲ್ಕು ಅಂಕಿಯ ಕೋಡ್ ಅಂದರೆ 10,000 ಸಾಧ್ಯತೆ. ಹಳೆಯ ಫೋಕ್ಸ್‌ವ್ಯಾಗನ್, ಸ್ಕೋಡಾ ಸೆಟ್‌ಗಳು ಎರಡು ತಪ್ಪಿಗೆ ಒಂದು ಗಂಟೆ ಬಾಗಿಲು ಹಾಕುತ್ತವೆ. ಗಂಟೆಗೆ ಎರಡರಂತೆ ಎಲ್ಲವನ್ನೂ ಒತ್ತಿ ನೋಡಲು 5,000 ಗಂಟೆ, ಅಂದರೆ ಹಗಲು ರಾತ್ರಿ ಕೂತರೂ 208 ದಿನ. ರೆನೋ ಸೆಟ್‌ನಲ್ಲಿ ಪ್ರತಿ ತಪ್ಪಿಗೂ ಕಾಯುವ ಹೊತ್ತು ಹೆಚ್ಚುತ್ತಾ ಹೋಗುತ್ತದೆ. ಹೋಂಡಾದಲ್ಲಿ ಹತ್ತು ತಪ್ಪಿನ ನಂತರ ಒಂದು ಗಂಟೆ. ಕೆಲವು ಫೋರ್ಡ್ ಸೆಟ್‌ಗಳು ಹತ್ತು ತಪ್ಪಾದ ಮೇಲೆ ಸರಿಯಾದ ಕೋಡ್ ಕೊಟ್ಟರೂ ಕಿವಿಗೆ ಹಾಕಿಕೊಳ್ಳದ ಹಾಗೆ ಲಾಕ್ ಆಗಿಬಿಡುತ್ತವೆ. ಸುಲಭದ ಕೆಲಸ ಬೆಸುಗೆ ಕಡ್ಡಿಯವರೆಗೆ ಹೋಗುವುದು ಈ ಆತುರದಿಂದಲೇ.

ಕಾಯುವ ಗಂಟೆಯ ಬಗ್ಗೆ ಇನ್ನೊಂದು ಮಾತು. ಬಹಳ ಸೆಟ್‌ಗಳಲ್ಲಿ ಆ ಒಂದು ಗಂಟೆ ಎಣಿಕೆಯಾಗುವುದು ಸೆಟ್ ಆನ್ ಇದ್ದಾಗ ಮಾತ್ರ. ಕೀ ತೆಗೆದು ಊಟಕ್ಕೆ ಹೋಗಿ ಬಂದರೆ ಲೆಕ್ಕ ಮತ್ತೆ ಮೊದಲಿಂದ. ಕೀಯನ್ನು ಇಗ್ನಿಷನ್‌ಗೆ ತಿರುಗಿಸಿ ಗಂಟೆಗಟ್ಟಲೆ ಬಿಡುವುದಾದರೆ ಬ್ಯಾಟರಿಗೆ ಚಾರ್ಜರ್ ಹಾಕಿಡಿ. ಇಲ್ಲವಾದರೆ ಗಂಟೆ ಮುಗಿಯುವ ಹೊತ್ತಿಗೆ ಬ್ಯಾಟರಿ ಇಳಿದು, ಸೆಟ್ ಮತ್ತೆ ಆರಂಭದ ಸ್ಥಿತಿಗೆ ಬಂದಿರುತ್ತದೆ.

ಒಳಗೆ ನಡೆಯುವುದೇನು ಅಂದರೆ, ಸೆಟ್‌ಗೆ ಎರಡು ಪಾಸಿಟಿವ್ ವೈರ್ ಬರುತ್ತವೆ. ಒಂದು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಕೊಡುವುದು, ಇನ್ನೊಂದು ಬ್ಯಾಟರಿಯಿಂದ ಸದಾ ಇರುವುದು. ಸದಾ ಇರುವ ಲೈನ್ ಕಡಿದರೆ ಸೆಟ್‌ನ ಪ್ರೊಸೆಸರ್ ತನ್ನನ್ನು ಯಾರೋ ಕಿತ್ತಿದ್ದಾರೆ ಅಂದುಕೊಂಡು, ಮುಂದಿನ ಸಲ ಕರೆಂಟ್ ಬಂದಾಗ ಗುರುತು ಕೇಳುತ್ತದೆ. ಬ್ಯಾಟರಿ ಬಿಚ್ಚಿದ್ದರಿಂದ ಕೋಡ್ ಅಳಿಸಿಹೋಗಿರುವುದಿಲ್ಲ. ಅದು ಇಇಪ್ರಾಮ್ ಎಂಬ ಸಣ್ಣ ಮೆಮೊರಿ ಐಸಿಯಲ್ಲಿ, ಅಂದರೆ ಚಿಪ್ಪಿನಲ್ಲಿ, ಕೂತಿರುತ್ತದೆ, ಕರೆಂಟ್ ಇಲ್ಲದಿದ್ದರೂ ದಶಕಗಳ ಕಾಲ ಹಾಗೇ ಇರುತ್ತದೆ. ‘ಬ್ಯಾಟರಿ ಎರಡು ದಿನ ಬಿಚ್ಚಿಟ್ಟರೆ ಕೋಡ್ ಹೋಗುತ್ತೆ’ ಎಂಬ ಸಲಹೆ ಅದಕ್ಕೇ ಫಲಿಸುವುದಿಲ್ಲ. ಎರಡು ವರ್ಷ ಬಿಚ್ಚಿಟ್ಟರೂ ಅಷ್ಟೇ.

ಹುಡುಕುವ ಜಾಗಗಳನ್ನು ಬೇಗ ಹೇಳಿಬಿಡುತ್ತೇವೆ: ಮಾಲೀಕರ ಕೈಪಿಡಿಯ ಮೊದಲ ಮತ್ತು ಕೊನೆಯ ಪುಟ, ಸರ್ವಿಸ್ ಪುಸ್ತಕ, ಗ್ಲೋವ್ ಬಾಕ್ಸಿನ ಒಳಗೋಡೆಗೆ ಅಂಟಿಸಿದ ಚೀಟಿ, ಎರಡನೇ ಕೀ ಜೊತೆ ಬಂದ ಪ್ಲಾಸ್ಟಿಕ್ ಕಾರ್ಡ್. ಆರ್‌ಸಿ ಮತ್ತು ಗುರುತಿನ ಚೀಟಿ ತೋರಿಸಿದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲೂ ಕೇಳಬಹುದು. ಆದರೆ ಷೆವರ್ಲೆ ಭಾರತದಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ, ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2021ರಲ್ಲಿ. ಇಂಥ ಗಾಡಿಗೆ ಸಿಂಧನೂರಿನಲ್ಲೋ ಕುಷ್ಟಗಿಯಲ್ಲೋ ಕೂತು ಕಂಪನಿ ಕೇಂದ್ರ ಹುಡುಕುವುದಕ್ಕಿಂತ ಸೆಟ್ ಹೊರಗೆ ತೆಗೆಯುವುದೇ ಸಲೀಸು.

ಮೊದಲ ದಾರಿ ಲೆಕ್ಕ. ಸೆಟ್‌ನ ಮೇಲಿನ ನಂಬರಿನಿಂದಲೇ ಕೋಡ್ ಹುಟ್ಟುವ ವ್ಯವಸ್ಥೆ ಇದು. ರೆನೋ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ‘ಪ್ರೀಕೋಡ್’ ಅಂತ ನಾಲ್ಕು ಗುರುತು ಇರುತ್ತವೆ, ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಮೂರು ಅಂಕಿ. ಸೆಟ್ ಬಿಚ್ಚಿದರೆ ಲೋಹದ ಡಬ್ಬಿಯ ಮೇಲಿನ ಸ್ಟಿಕ್ಕರಿನಲ್ಲಿ, ಬಾರ್‌ಕೋಡಿನ ಹತ್ತಿರ ಸಿಗುತ್ತದೆ. ಹಲವು ಮಾದರಿಗಳಲ್ಲಿ ಬಿಚ್ಚುವುದೂ ಬೇಡ: 1 ಮತ್ತು 6ನೇ ಬಟನ್ ಒಟ್ಟಿಗೆ ಒತ್ತಿ ಹಿಡಿದು ಸೆಟ್ ಆನ್ ಮಾಡಿದರೆ ಪರದೆಯಲ್ಲೇ ಪ್ರೀಕೋಡ್ ಬರುತ್ತದೆ. ಆ ನಾಲ್ಕನ್ನು ಕ್ಯಾಲ್ಕುಲೇಟರ್ ಪ್ರೋಗ್ರಾಮಿಗೆ ಕೊಟ್ಟರೆ ನಾಲ್ಕು ಅಂಕಿಯ ಕೋಡ್.

ಈ ಪ್ರೋಗ್ರಾಮಿನಲ್ಲಿ ಗುಟ್ಟೇನೂ ಇಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸಿ ಶೇಷ ತೆಗೆಯುವುದು, ಎಲ್ಲ ಸೇರಿ ಹತ್ತು ಸಾಲು ದಾಟುವುದಿಲ್ಲ. ಎ ಅಕ್ಷರ, ಅದರ ಪಕ್ಕ ಸೊನ್ನೆ ಇರುವ ಪ್ರೀಕೋಡ್ ಕೊಟ್ಟರೆ ಒಳ್ಳೆಯ ಪ್ರೋಗ್ರಾಮ್ ತಿರಸ್ಕರಿಸುತ್ತದೆ. ಯಾಕೆಂದರೆ ಆ ಜೋಡಿಗೆ ಲೆಕ್ಕದ ನಡುವಿನ ಭಾಜಕ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಹಾಗೆ ಶುರುವಾಗುವುದನ್ನು ನೀವು ಓದಿದ್ದರೆ ಸ್ಟಿಕ್ಕರ್ ಓದುವುದರಲ್ಲೇ ಎಡವಟ್ಟಾಗಿದೆ. ಸಂಡೂರು, ತೋರಣಗಲ್ಲಿನ ಕಡೆ ಓಡಿದ ಗಾಡಿಯ ಸ್ಟಿಕ್ಕರ್ ಕೆಂಪು ಧೂಳಿನಲ್ಲಿ ಮುಳುಗಿರುತ್ತದೆ. ಶಕ್ತಿನಗರದ ಕಡೆಯದಾದರೆ ಬೂದಿ. ಒಣ ಬಟ್ಟೆಯಲ್ಲಿ ಒರೆಸಿ, ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸಿದರೆ ಧೂಳಿನ ಜೊತೆ ಅಕ್ಷರವೂ ಹೋಗುತ್ತದೆ. ಮೊದಲನೆಯದು ಯಾವಾಗಲೂ ಅಕ್ಷರ, ಉಳಿದ ಮೂರು ಯಾವಾಗಲೂ ಅಂಕಿ ಎಂಬುದನ್ನು ನೆನಪಿಟ್ಟರೆ ಬಿ ಮತ್ತು 8, ಎಸ್ ಮತ್ತು 5, ಒ ಮತ್ತು ಸೊನ್ನೆಯ ಗೊಂದಲ ಮುಗಿಯಿತು.

ಕೋಡ್ ಸಿಕ್ಕ ಮೇಲೂ ಒತ್ತುವ ಕ್ರಮ ತಪ್ಪುವವರಿದ್ದಾರೆ. ರೆನೋದ ಬಟನ್ ಇರುವ ಸೆಟ್‌ಗಳಲ್ಲಿ 1ನೇ ಬಟನ್ ಮೊದಲ ಅಂಕಿಯನ್ನು ಏರಿಸುತ್ತದೆ, 2ನೇದು ಎರಡನೇ ಅಂಕಿಯನ್ನು, ಹೀಗೆ ನಾಲ್ಕರವರೆಗೆ. ಕೋಡ್ 3052 ಆದರೆ 1ನೇ ಬಟನ್ನನ್ನು ಪರದೆಯಲ್ಲಿ 3 ಬರುವ ತನಕ ಒತ್ತಬೇಕು. 3, 0, 5, 2 ಎಂದು ಬಟನ್ ಹುಡುಕಿದರೆ ಸೊನ್ನೆಯ ಬಟನ್ನೇ ಇರುವುದಿಲ್ಲ. ನಾಲ್ಕೂ ಅಂಕಿ ಪರದೆಯಲ್ಲಿ ಸರಿಯಾಗಿ ನಿಂತ ಮೇಲೆ 6ನೇ ಬಟನ್ ಒತ್ತಿ ಹಿಡಿಯಬೇಕು. ಸುಮ್ಮನೆ ಮುಟ್ಟಿ ಬಿಟ್ಟರೆ ಸೆಟ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೇ ದಾರಿ ಪಟ್ಟಿ. ಫೋರ್ಡ್‌ನಲ್ಲಿ ಎರಡು ಜಾತಿಯ ಸೀರಿಯಲ್ ನಂಬರ್ ಇವೆ: ಎಂ ಅಕ್ಷರದ ಮುಂದೆ ಆರು ಅಂಕಿ, ವಿ ಅಕ್ಷರದ ಮುಂದೆ ಆರು ಅಂಕಿ. ಎಂ ಜಾತಿಯದನ್ನು ರೆನೋ ಹಾಗೆ ಲೆಕ್ಕ ಹಾಕಬಹುದು. ವಿ ಜಾತಿಯದಕ್ಕೆ ಲೆಕ್ಕವಿಲ್ಲ, ಯಾವ ಸೀರಿಯಲ್‌ಗೆ ಯಾವ ಕೋಡ್ ಎಂಬ ಪಟ್ಟಿಯಲ್ಲೇ ನೋಡಬೇಕು. ಆರು ಅಂಕಿ ಅಂದರೆ 10 ಲಕ್ಷ ಸೀರಿಯಲ್, ಒಂದೊಂದು ಕೋಡಿಗೆ 2 ಬೈಟ್ ಇಟ್ಟರೂ ಇಡೀ ಪಟ್ಟಿ ಸುಮಾರು 2 ಎಂಬಿ. ಒಂದು ಫೋಟೋದಷ್ಟು. ಹಾಗಾಗಿ ವಿ ಸೀರಿಯಲ್‌ಗೂ ಉತ್ತರ ಕೊಡುತ್ತೇನೆ ಅನ್ನುವ ಪ್ರೋಗ್ರಾಮ್ ಕೆಲವೇ ಕೆಬಿ ಇದ್ದು ಇಂಟರ್ನೆಟ್ ಇಲ್ಲದೆಯೂ ಕೋಡ್ ಕೊಟ್ಟರೆ, ಅದು ಕೊಡುತ್ತಿರುವುದು ಸುಳ್ಳು. ಫೋರ್ಡ್‌ನ ಹಲವು ಸೆಟ್‌ಗಳಲ್ಲಿ 1 ಮತ್ತು 6, ಕೆಲವುದರಲ್ಲಿ 2 ಮತ್ತು 6 ಒಟ್ಟಿಗೆ ಒತ್ತಿ ಹಿಡಿದರೆ ಒಂದರ ಹಿಂದೆ ಒಂದು ಮಾಹಿತಿ ಓಡುತ್ತದೆ, ಅದರಲ್ಲಿ ಸೀರಿಯಲ್ ಬರುತ್ತದೆ. ಕಣ್ಣಿಗಿಂತ ವೇಗವಾಗಿ ಹೋಗುವುದರಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಹೋಂಡಾದ ಕೋಡ್ ಐದು ಅಂಕಿಯದು, ಅಂಕಿಗಳು 1ರಿಂದ 6ರ ಒಳಗೇ ಇರುತ್ತವೆ, ಮುಂಭಾಗದಲ್ಲಿರುವುದು ಆರೇ ಬಟನ್. 7 ಅಥವಾ 9 ಇರುವ ‘ಹೋಂಡಾ ಕೋಡ್’ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ಸೀರಿಯಲ್ ನೋಡಲು ಸೆಟ್ ಆಫ್ ಇಟ್ಟು, 1 ಮತ್ತು 6 ಹಿಡಿದು ಆನ್ ಮಾಡಬೇಕು; ಯು ಅಕ್ಷರದ ಜೊತೆ ನಾಲ್ಕು, ಎಲ್ ಅಕ್ಷರದ ಜೊತೆ ನಾಲ್ಕು ಅಂಕಿ ಬರುತ್ತವೆ. ಈಚಿನ ಹಲವು ಹೋಂಡಾಗಳಲ್ಲಿ ಇಷ್ಟೂ ಬೇಡ. ಅದೇ ಗಾಡಿಯ ಅದೇ ಸೆಟ್ ಆಗಿದ್ದರೆ ಇಗ್ನಿಷನ್ ಆನ್ ಮಾಡಿ ಪವರ್ ಬಟನ್ನನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಸೆಟ್ ಗಾಡಿಯ ಕಂಟ್ರೋಲ್ ಯೂನಿಟ್ಟನ್ನು ಕೇಳಿ ತಾನೇ ತೆರೆದುಕೊಳ್ಳುತ್ತದೆ. ಸಾಫ್ಟ್‌ವೇರ್ ಹುಡುಕುವ ಮೊದಲು ಮಾಡಬೇಕಾದ ಕೆಲಸ ಇದು.

ಫೋಕ್ಸ್‌ವ್ಯಾಗನ್, ಸ್ಕೋಡಾ ಸೀರಿಯಲ್‌ಗಳು 14 ಗುರುತಿನ ಉದ್ದದವು. ಮೊದಲ ಮೂರು ಅಕ್ಷರ ನೋಡಿದರೆ ಕಂಪನಿ ಗೊತ್ತಾಗುತ್ತದೆ, ವಿಡಬ್ಲ್ಯೂಝಡ್ ಅಂದರೆ ಫೋಕ್ಸ್‌ವ್ಯಾಗನ್, ಎಸ್‌ಕೆಝಡ್ ಅಂದರೆ ಸ್ಕೋಡಾ. ಇವೂ ಪಟ್ಟಿಯ ದಾರಿಯವೇ. ಈ ಗುಂಪಿನ ಈಚಿನ ಸೆಟ್‌ಗಳು ಮೀಟರ್ ಬೋರ್ಡಿನ ಜೊತೆ ಜೋಡಿಯಾಗಿರುವುದರಿಂದ ಅದೇ ಗಾಡಿಯಲ್ಲಿ ಬ್ಯಾಟರಿ ಬಿಚ್ಚಿದರೂ ಕೋಡ್ ಕೇಳುವುದಿಲ್ಲ. ಕೇಳಿತೆಂದರೆ ಸೆಟ್ ಬೇರೆ ಗಾಡಿಯಿಂದ ಬಂದಿರಬಹುದು.

ಯಾವುದೇ ಕ್ಯಾಲ್ಕುಲೇಟರ್ ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಕೋಡ್ ಗೊತ್ತಿರುವ ಅದೇ ಜಾತಿಯ ಇನ್ನೊಂದು ಸೆಟ್‌ನ ನಂಬರ್ ಕೊಟ್ಟು, ಸರಿಯಾದ ಉತ್ತರ ಬರುತ್ತದೆಯೇ ನೋಡಿ. ಇಂಥ ಪ್ರೋಗ್ರಾಮುಗಳಿಗೆ ಕಸ ಕೊಟ್ಟರೂ ನಾಲ್ಕು ಅಂಕಿ ಬರುತ್ತದೆ, ತಪ್ಪು ಸೀರಿಯಲ್ ಕೊಟ್ಟರೂ ನಾಲ್ಕು ಅಂಕಿ ಬರುತ್ತದೆ. ಪರದೆಯ ಮೇಲೆ ಬಂತು ಅನ್ನುವುದೇ ಪುರಾವೆಯಲ್ಲ. ಇನ್ನು ಜಿಪ್ ಫೈಲುಗಳ ವಿಷಯ: ‘ಆಂಟಿವೈರಸ್ ಬಂದ್ ಮಾಡಿ ಓಡಿಸಿ’ ಎಂದು ಬರೆದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಅಂಗಡಿಯ ಬಿಲ್ಲು, ಬ್ಯಾಂಕು ಇರುವ ಕಂಪ್ಯೂಟರಿನಲ್ಲಿ ಇಂಥದ್ದು ಓಡಿಸಲೇಬಾರದು. ಇಂಟರ್ನೆಟ್ ಇಲ್ಲದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಈ ಕೆಲಸಕ್ಕೇ ಮೀಸಲಿಡಿ. ರೆನೋದಂಥ ಹತ್ತು ಸಾಲಿನ ಲೆಕ್ಕಕ್ಕೆ ಮೂಲ ಕೋಡ್ ತೆರೆದಿಟ್ಟ ಪ್ರೋಗ್ರಾಮುಗಳೇ ಸಿಗುವಾಗ ಮುಚ್ಚಿದ ಫೈಲಿನ ಸಹವಾಸ ಯಾಕೆ?

ಮೂರನೆಯ ದಾರಿ ಐಸಿ ಓದುವುದು. ಲೆಕ್ಕವೂ ಇಲ್ಲ, ಪಟ್ಟಿಯೂ ಇಲ್ಲ, ಸ್ಟಿಕ್ಕರೇ ಹರಿದಿದೆ, ಅಥವಾ ತಪ್ಪು ಒತ್ತಿ ಒತ್ತಿ ಸೆಟ್ ಶಾಶ್ವತ ಲಾಕ್ ಆಗಿದೆ ಅಂದಾಗ ಇದು. ಇಲ್ಲಿ ಕೈಕೆಲಸ ಹೆಚ್ಚು, ತಪ್ಪಿಗೆ ಬೆಲೆಯೂ ಹೆಚ್ಚು.

ಸೆಟ್ ಹೊರತೆಗೆಯುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮುಖದ ಎರಡು ಬದಿ ಎರಡೆರಡು ಸಣ್ಣ ತೂತು ಇದ್ದರೆ ಅದಕ್ಕೆ ಯು ಆಕಾರದ ಕಂಬಿ ಬೇಕು. ಎರಡೂ ಬದಿ ಹಾಕಿ, ಸ್ವಲ್ಪ ಹೊರಮುಖವಾಗಿ ಅಗಲಿಸಿ ಎಳೆಯಬೇಕು. ಮೇಜಿನ ಮೇಲೆ ಓಡಿಸಲು 12 ವೋಲ್ಟ್, 5 ಆಂಪ್ ಎಸ್‌ಎಂಪಿಎಸ್ ಪವರ್ ಸಪ್ಲೈ ಸಾಕು, ಅಂಗಡಿ ಬೋರ್ಡಿನ ಎಲ್‌ಇಡಿಗೆ ಹಾಕುವುದೇ ಆಗುತ್ತದೆ. ನಡುವೆ 5 ಆಂಪ್ ಫ್ಯೂಸ್ ಇರಲಿ. ಸೆಟ್ ಹಿಂದಿನ ಐಎಸ್‌ಒ ಸಾಕೆಟ್ಟಿನ ಎ ಬ್ಲಾಕಿನಲ್ಲಿ 4ನೇ ಪಿನ್ ಸದಾ ಪಾಸಿಟಿವ್, 7 ಕೀ ಪಾಸಿಟಿವ್, 8 ನೆಗೆಟಿವ್. ಹಳೆಯ ಫೋಕ್ಸ್‌ವ್ಯಾಗನ್‌ಗಳಲ್ಲಿ 4 ಮತ್ತು 7 ಅದಲುಬದಲು. ಮೇಜಿನ ಮೇಲೆ ಎರಡಕ್ಕೂ 12 ವೋಲ್ಟ್ ಕೊಡುವುದರಿಂದ ತೊಂದರೆಯಿಲ್ಲ, ಗಾಡಿಯಲ್ಲಿ ತಿರುಗಿಸಿ ಹಾಕಿದರೆ ಮಾತ್ರ ಕೀ ತೆಗೆದಾಗಲೆಲ್ಲ ಸೆಟ್ ಕೋಡ್ ಕೇಳುತ್ತದೆ. ವೈರಿನ ಬಣ್ಣ ನಂಬಬೇಡಿ, ಮೀಟರ್ ನಂಬಿ. ಸ್ಪೀಕರ್ ವೈರ್ ಯಾವುದೂ ಲೋಹದ ಬಾಡಿಗೆ ತಾಗಬಾರದು, ತಾಗಿದರೆ ಔಟ್‌ಪುಟ್ ಐಸಿ ಹೋಗುತ್ತದೆ. ಗಾಡಿಯ ಕಂಟ್ರೋಲ್ ಯೂನಿಟ್ಟುಗಳು ಮಾತಾಡಿಕೊಳ್ಳುವ ಕ್ಯಾನ್ ಲೈನಿನಿಂದ ಎಚ್ಚರವಾಗುವ ಸೆಟ್‌ಗಳು ಮೇಜಿನ ಮೇಲೆ ಜೀವವೇ ತೋರಿಸುವುದಿಲ್ಲ, ಕೆಟ್ಟಿದೆ ಎಂದು ಹೆದರಬೇಡಿ.

ಮುಚ್ಚಳ ತೆಗೆದ ಮೇಲೆ ಹುಡುಕಬೇಕಾದದ್ದು ಪ್ರೊಸೆಸರ್ ಹತ್ತಿರದ ಎಂಟು ಕಾಲಿನ ಸಣ್ಣ ಐಸಿ. ಮೇಲಿನ ಬರಹದಲ್ಲಿ ಸಾಮಾನ್ಯವಾಗಿ 24, 93 ಅಥವಾ 95ರ ಸರಣಿಯ ನಂಬರ್ ಇರುತ್ತದೆ. 24ಸಿ02 ಅಂದರೆ 256 ಬೈಟ್, 24ಸಿ16 ಅಂದರೆ 2,048. 93ಸಿ46 ಬರೀ 128, 93ಸಿ56 256, 93ಸಿ66 512. 95160 2,048, 95320 4,096. ಈ ಗಾತ್ರ ನೆನಪಿಡಿ, ಓದಿದ ಫೈಲ್ ಇದಕ್ಕೆ ಹೊಂದದಿದ್ದರೆ ಪ್ರೋಗ್ರಾಮರಿನಲ್ಲಿ, ಅಂದರೆ ಐಸಿ ಓದುವ ಉಪಕರಣದಲ್ಲಿ, ಐಸಿ ಆರಿಸುವುದು ತಪ್ಪಿದೆ. ಇಂಥ ಐಸಿ ಎಲ್ಲೂ ಕಾಣಲಿಲ್ಲ ಅಂದರೆ ಕೋಡ್ ಪ್ರೊಸೆಸರ್ ಒಳಗೇ ಇದೆ ಅಂತ ಅರ್ಥ. ಅದು ಸಾಮಾನ್ಯ ಉಪಕರಣದ ಕೆಲಸವಲ್ಲ, ಮುಚ್ಚಳ ಹಾಕಿಬಿಡಿ.

ಪ್ರೋಗ್ರಾಮರ್ ಅಂದರೆ ಹೆಚ್ಚಿನವರ ಕೈಗೆ ಬರುವುದು ಸಿಎಚ್341ಎ ಎಂಬ ಕಪ್ಪು ಯುಎಸ್‌ಬಿ ಬೋರ್ಡು, ಕ್ಲಿಪ್ ಸಮೇತ. 24 ಸರಣಿಗೆ ಸರಿ. 95ಕ್ಕೆ ಜೊತೆಗೆ ಬರುವ ಸಾಫ್ಟ್‌ವೇರ್ ಬಿಟ್ಟು ಆಸ್‌ಪ್ರೋಗ್ರಾಮರ್ ಹಾಕಿಕೊಳ್ಳಿ. 93 ಸರಣಿಗೆ ಇದರಲ್ಲಿ ಬೇರೆ ವೈರಿಂಗ್ ಬೇಕಾಗುವುದರಿಂದ ಟಿಎಲ್866 ಥರದ್ದೇ ವಾಸಿ. ಕಪ್ಪು ಬೋರ್ಡಿನ ದೋಷ ಒಂದಿದೆ: ಐಸಿಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಲೈನಿನಲ್ಲಿ 5 ವೋಲ್ಟ್ ಬಿಡುತ್ತದೆ. ಇಇಪ್ರಾಮ್‌ಗಳು ಬಹಳಷ್ಟು ಅದನ್ನು ತಡೆಯುತ್ತವೆ, ಆದರೆ ಅದೇ ಲೈನಿಗೆ ಸೇರಿದ 3.3 ವೋಲ್ಟಿನ ಪ್ರೊಸೆಸರ್ ತಡೆಯಬೇಕಲ್ಲ? ಐಸಿಯನ್ನು ಬೋರ್ಡಿನಿಂದ ಬಿಡಿಸಿ ಓದುವುದಾದರೆ ಈ ಭಯವಿಲ್ಲ.

ಕ್ಲಿಪ್ ಹಾಕಿ ಬೋರ್ಡಿನಲ್ಲೇ ಓದಲು ಹೋದರೆ ಹೆಚ್ಚಾಗಿ ಆಗುವುದು ಹೀಗೆ. ಓದಿದ ಫೈಲ್ ಪೂರ್ತಿ ಎಫ್‌ಎಫ್ ಎಫ್‌ಎಫ್ ಎಫ್‌ಎಫ್ ಎಂದು ಬರುತ್ತದೆ: ಕ್ಲಿಪ್ಪಿನ ಹಲ್ಲು ಕಾಲಿಗೆ ತಾಗಿಲ್ಲ, ಅಥವಾ ಕಾಲಿನ ಮೇಲೆ ವಾರ್ನಿಷ್ ಇದೆ. ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಕ್ಲಿಪ್ಪಿನ ಕೆಂಪು ವೈರ್ ಐಸಿಯ ಚುಕ್ಕೆ ಇರುವ 1ನೇ ಕಾಲಿಗೇ ಬರಬೇಕು. ಇನ್ನೊಂದು ಸಲ ಮೊದಲ ಓದಿಗೂ ಎರಡನೇ ಓದಿಗೂ ಹೊಂದುವುದಿಲ್ಲ. ಕಾರಣ, 8ನೇ ಕಾಲಿಗೆ ಪ್ರೋಗ್ರಾಮರ್ ಕೊಟ್ಟ ಕರೆಂಟ್ ಬೋರ್ಡಿನ ಮೂಲಕ ಪ್ರೊಸೆಸರಿಗೂ ಹೋಗಿ ಅದು ಎದ್ದು ಕೂರುತ್ತದೆ, ತಾನೂ ಅದೇ ಐಸಿ ಓದಲು ಶುರುಮಾಡುತ್ತದೆ. ಒಂದೇ ಬಾವಿಗೆ ಎರಡು ಹಗ್ಗ ಬಿಟ್ಟಂತೆ. ಇದಕ್ಕೆ ಮದ್ದು 8ನೇ ಕಾಲನ್ನು ಬೋರ್ಡಿನಿಂದ ಎತ್ತುವುದು, ಇಲ್ಲವೇ ಐಸಿಯನ್ನೇ ತೆಗೆಯುವುದು.

ತೆಗೆಯುವುದಕ್ಕೆ ಹಾಟ್ ಏರ್ 350 ಡಿಗ್ರಿಯಲ್ಲಿಟ್ಟು, ಗಾಳಿ ಕಡಿಮೆ ಮಾಡಿ, ಕಾಲುಗಳ ಮೇಲೆ ಫ್ಲಕ್ಸ್ ಹಚ್ಚಿ, ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್‌ಗೆ ಶಾಖ ತಡೆಯುವ ಕ್ಯಾಪ್ಟಾನ್ ಅಂಟು ಟೇಪ್ ಸುತ್ತಿ. ಚಿಮಟದಿಂದ ಐಸಿಯನ್ನು ಮೆಲ್ಲಗೆ ಮುಟ್ಟುತ್ತಿರಿ. ಎಂಟೂ ಕಾಲಿನ ಸೀಸ ಕರಗಿದಾಗ ಐಸಿ ತಾನೇ ಜಾರುತ್ತದೆ, ನೀರಿನ ಮೇಲಿನ ಎಲೆ ಹಾಗೆ. ಅದಕ್ಕೂ ಮುಂಚೆ ಎತ್ತಿದರೆ ಕೆಳಗಿನ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ, ಆಮೇಲೆ ಕೂದಲಿನಂಥ ವೈರ್ ಹಾಕಿ ಜೋಡಿಸುವ ಪಾಡು. ಈ ಕೆಲಸ ಕೈಗೆ ಒಗ್ಗದಿದ್ದರೆ ಕಾರಿನ ಎಲೆಕ್ಟ್ರಿಷಿಯನ್ ಬಿಟ್ಟು ಮೊಬೈಲ್ ರಿಪೇರಿಯವರ ಹತ್ತಿರ ಹೋಗಿ. ಫೋನಿನ ಬೋರ್ಡಿನಲ್ಲಿ ಇದಕ್ಕಿಂತ ನಾಲ್ಕು ಪಟ್ಟು ಸಣ್ಣ ಐಸಿ ದಿನಾ ಎತ್ತುವವರಿಗೆ ಇದು ಆಟದ ಸಾಮಾನು. ತೆಗೆಯುವ ಮೊದಲು ಚುಕ್ಕೆ ಯಾವ ಕಡೆ ಇತ್ತು ಎಂದು ಫೋಟೋ ಇರಲಿ.

ಮೂರು ಸಲ ಓದಿ, ಮೂರು ಹೆಸರಿನಲ್ಲಿ ಉಳಿಸಿ, ಬೈಟುಗಳನ್ನು 0ರಿಂದ 9, ಎಯಿಂದ ಎಫ್ ಗುರುತುಗಳಲ್ಲಿ ತೋರಿಸುವ ಎಚ್‌ಎಕ್ಸ್‌ಡಿಯಂಥ ಉಚಿತ ಹೆಕ್ಸ್ ಎಡಿಟರಿನಲ್ಲಿ ಹೋಲಿಸಿ. ಮೂರೂ ಒಂದೇ ಆಗಿದ್ದರೆ ಮಾತ್ರ ಮುಂದಿನ ಮಾತು. ಮೂಲ ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಡಿ.

ಈಗ ಈ ಡಂಪಿನೊಳಗೆ, ಅಂದರೆ ಐಸಿಯಿಂದ ಓದಿದ ಫೈಲಿನೊಳಗೆ, ಕೋಡ್ ಹೇಗೆ ಕಾಣುತ್ತದೆ? ಕೋಡ್ 1637 ಅಂದುಕೊಳ್ಳಿ. ಎಷ್ಟೋ ಸೆಟ್‌ಗಳಲ್ಲಿ ಅದು ನೇರವಾಗಿ 16 37 ಎಂದೇ ಇರುತ್ತದೆ. ಕೆಲವುದರಲ್ಲಿ ಬೈಟ್ ಅದಲುಬದಲಾಗಿ 37 16, ಕೆಲವುದರಲ್ಲಿ ಬೈಟಿನೊಳಗಿನ ಅಂಕಿಗಳೇ ತಿರುಗಿ 61 73. ಒಂದೊಂದು ಅಂಕಿಗೆ ಒಂದೊಂದು ಬೈಟ್ ಕೊಟ್ಟರೆ 01 06 03 07. ಅಕ್ಷರ ರೂಪದಲ್ಲಿಟ್ಟರೆ 31 36 33 37. ಎಫ್‌ಎಫ್‌ನಿಂದ ಕಳೆದು ಇಟ್ಟಿದ್ದರೆ ಇ9 ಸಿ8, ನೋಡಿದವರಿಗೆ ಕೋಡ್ ಅಂತ ಅನ್ನಿಸುವುದೇ ಇಲ್ಲ. ಹೆಚ್ಚಿನ ತಯಾರಕರು ಇದನ್ನು ಎರಡು ಮೂರು ಕಡೆ ಬರೆದಿಡುತ್ತಾರೆ, ಒಂದು ಕಡೆ ಕೆಟ್ಟರೆ ಇನ್ನೊಂದು ಇರಲಿ ಅಂತ. ಆದ್ದರಿಂದ ಒಂದೇ ಜೋಡಿ ಬೈಟ್ ಡಂಪಿನಲ್ಲಿ ಸಮ ಅಂತರದಲ್ಲಿ ಮತ್ತೆ ಮತ್ತೆ ಬಂದಿದ್ದರೆ ಅಲ್ಲಿ ಕಣ್ಣಿಡಿ. 93 ಸರಣಿಯಲ್ಲಿ ಇನ್ನೊಂದು ತಿರುವು: 6ನೇ ಕಾಲು ಐಸಿಯನ್ನು 8 ಬಿಟ್‌ನಲ್ಲಿ ಓದಬೇಕೋ 16 ಬಿಟ್‌ನಲ್ಲೋ ಎಂದು ಹೇಳುತ್ತದೆ. ಪ್ರೋಗ್ರಾಮರಿನಲ್ಲಿ ಅದನ್ನು ತಪ್ಪಾಗಿ ಇಟ್ಟರೆ ಪಕ್ಕದ ಬೈಟುಗಳು ಸ್ಥಳ ಬದಲಿಸಿ, ಸರಿಯಾದ ಕೋಡನ್ನೇ ತಿರುವಿ ಓದಿ ತಪ್ಪು ಒತ್ತುತ್ತೀರಿ. ಡಂಪಿನಲ್ಲಿ ಎಲ್ಲಾದರೂ ಸೀರಿಯಲ್ ನಂಬರ್ ಅಕ್ಷರದಲ್ಲಿದ್ದರೆ ಅದು ನೆಟ್ಟಗಿದೆಯೋ ಜೋಡಿ ಜೋಡಿಯಾಗಿ ತಿರುಗಿದೆಯೋ ನೋಡಿ, ಗೊತ್ತಾಗಿಬಿಡುತ್ತದೆ.

ಡಂಪ್ ಕೊಟ್ಟರೆ ಕೋಡ್ ಹೇಳುವ ಪ್ರೋಗ್ರಾಮುಗಳು ಮಾಡುವುದು ಇಷ್ಟೇ: ಯಾವ ಮಾದರಿಯಲ್ಲಿ ಎಷ್ಟನೇ ಬೈಟ್, ಯಾವ ರೂಪ ಎಂಬುದನ್ನು ಗುರುತಿಟ್ಟುಕೊಂಡಿರುತ್ತವೆ. ಆದ್ದರಿಂದ ಮಾದರಿ ಆರಿಸುವಾಗ ಗಾಡಿಯ ಹೆಸರು ನೋಡಬೇಡಿ, ಸೆಟ್ ತಯಾರಕರ ಹೆಸರು ನೋಡಿ. ಒಂದೇ ಗಾಡಿಗೆ ವರ್ಷಕ್ಕೊಬ್ಬರು ಸೆಟ್ ಮಾಡಿಕೊಟ್ಟಿರುತ್ತಾರೆ. ಬ್ಲೌಪುಂಕ್ಟ್, ವಿಸ್ಟಿಯಾನ್, ಕಾಂಟಿನೆಂಟಲ್ ಎಂದು ಸ್ಟಿಕ್ಕರಿನಲ್ಲಿರುವುದೇ ನಿಮಗೆ ಬೇಕಾದ ಮಾದರಿ.

ಐಸಿಯನ್ನು ಓದಿ, ಬರೆಯಬೇಡಿ. ಇದು ನಮ್ಮ ಗಟ್ಟಿ ಅಭಿಪ್ರಾಯ. ‘ಈ ಬೈಟ್ ಸೊನ್ನೆ ಮಾಡಿದರೆ ಕೋಡ್ ಕೇಳುವುದಿಲ್ಲ’ ಎಂಬ ಸಲಹೆ ಕೇಳಿ ಬರೆದರೆ, ಚೆಕ್‌ಸಮ್ (ಡೇಟಾ ಸರಿಯಿದೆಯೇ ಎಂದು ತಾಳೆ ನೋಡುವ ಮೊತ್ತ) ಹೊಂದದೆ ಸೆಟ್ ಎದ್ದೇಳದೆ ಹೋಗಬಹುದು. ಒಂದು ವಿನಾಯಿತಿ ಉಂಟು. ತಪ್ಪು ಪ್ರಯತ್ನಗಳ ಎಣಿಕೆಯೂ ಬಹಳ ಸೆಟ್‌ಗಳಲ್ಲಿ ಇದೇ ಐಸಿಯಲ್ಲಿರುತ್ತದೆ. ಲಾಕ್ ಆಗುವ ಮೊದಲೇ ತೆಗೆದಿಟ್ಟ ಅದೇ ಸೆಟ್‌ನ ಡಂಪ್ ಇದ್ದರೆ ಅದನ್ನು ಹಾಗೇ ಮರಳಿ ಬರೆದರೆ ಎಣಿಕೆ ಹಿಂದಿನ ಸ್ಥಿತಿಗೆ ಬರುತ್ತದೆ. ಬೇರೆ ಸೆಟ್‌ನ ಡಂಪ್ ಬರೆದರೆ ಸೀರಿಯಲ್ ಮಾತ್ರವಲ್ಲ, ಟ್ಯೂನರಿನ ಹೊಂದಾಣಿಕೆಯೂ ಬದಲಾಗಿ ಸ್ಟೇಷನ್ ಹಿಡಿಯುವುದೇ ಮಂದವಾಗಬಹುದು.

ಈಚಿನ ದೊಡ್ಡ ಟಚ್ ಪರದೆಯ ಸೆಟ್‌ಗಳಿಗೆ ಇದ್ಯಾವುದೂ ನಡೆಯುವುದಿಲ್ಲ. ಔಡಿ, ಫೋಕ್ಸ್‌ವ್ಯಾಗನ್ ಗುಂಪಿನ ‘ಕಾಂಪೊನೆಂಟ್ ಪ್ರೊಟೆಕ್ಷನ್’ ಗಾಡಿಗೂ ಸೆಟ್‌ಗೂ ಗಂಟು ಹಾಕಿರುತ್ತದೆ. ಬಿಚ್ಚುವುದು ಕಂಪನಿಯ ಸರ್ವರಿಗೆ ಸೇರಿಕೊಂಡ ಉಪಕರಣದಿಂದ ಮಾತ್ರ, ಒತ್ತಲು ನಾಲ್ಕಂಕಿಯ ಕೋಡ್ ಎಂಬುದೇ ಅಲ್ಲಿಲ್ಲ.

ಅಂಗಡಿಯವರಿಗೆ ಒಂದು ಕಿವಿಮಾತು. ಗಾಡಿ ಇಲ್ಲದೆ ಬರೀ ಸೆಟ್ ಕೈಯಲ್ಲಿ ಹಿಡಿದು ‘ಕೋಡ್ ತೆಗೆದುಕೊಡಿ’ ಎಂದು ಬಂದವರಿಂದ ಆರ್‌ಸಿ ಅಥವಾ ಖರೀದಿ ಬಿಲ್ ಕೇಳಿ, ಸೀರಿಯಲ್ ಬರೆದಿಟ್ಟುಕೊಳ್ಳಿ. ಕೋಡ್ ಇಟ್ಟಿರುವುದೇ ಕಳ್ಳತನ ತಡೆಯಲು. ಕಳವು ಮಾಲು ಎಂದು ಗೊತ್ತಿದ್ದೂ ತೆಗೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಅಂಗಡಿಯ ಮೆಟ್ಟಿಲು ಹತ್ತುತ್ತದೆ. ಐನೂರು ರೂಪಾಯಿ ಕೆಲಸಕ್ಕೆ ಅಷ್ಟು ಬೇಕಿಲ್ಲ.

ಕೋಡ್ ಸಿಕ್ಕಿ ಸೆಟ್ ತೆರೆದುಕೊಂಡಿತೆಂದರೆ ಅದನ್ನು ಆರ್‌ಸಿಯ ಜೆರಾಕ್ಸ್ ಹಿಂದೆ ಬರೆದು ಮನೆಯಲ್ಲಿಡಿ. ಗ್ಲೋವ್ ಬಾಕ್ಸಿನಲ್ಲಿಟ್ಟರೆ ಕಳ್ಳನಿಗೇ ಕೊಟ್ಟ ಹಾಗೆ. ಮುಂದಿನ ಸಲ ಬ್ಯಾಟರಿ ಬದಲಿಸುವಾಗ ಸ್ಟೇರಿಂಗ್ ಕೆಳಗಿನ, ಸ್ಕ್ಯಾನರ್ ಜೋಡಿಸುವ ಒಬಿಡಿ ಸಾಕೆಟ್ಟಿಗೆ, ಬ್ಯಾಟರಿ ಇಲ್ಲದಾಗಲೂ ಕರೆಂಟ್ ಕೊಡುವ ಮೆಮೊರಿ ಸೇವರ್ ಹಾಕಿಸಿ: 16ನೇ ಪಿನ್ನಿಗೆ ಪಾಸಿಟಿವ್, 4ನೇದಕ್ಕೆ ನೆಗೆಟಿವ್, ಇನ್ನೊಂದು ಸಣ್ಣ 12 ವೋಲ್ಟ್ ಬ್ಯಾಟರಿಯಿಂದ, ನಡುವೆ ಫ್ಯೂಸ್ ಇಟ್ಟು. ಸೇವರ್ ಹಾಕಿದ್ದಾಗ ಬಿಚ್ಚಿದ ಪಾಸಿಟಿವ್ ಕೇಬಲ್ಲಿನಲ್ಲೂ ಕರೆಂಟ್ ಇರುತ್ತದೆ, ಅದರ ಬಾಯಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿ, ಬಾಡಿಗೆ ತಾಗದಂತೆ ಪಕ್ಕಕ್ಕೆ ಕಟ್ಟಿ. ಬಾಗಿಲು ತೆರೆದಿಟ್ಟು ಒಳಗಿನ ಲೈಟ್ ಉರಿಯುತ್ತಿದ್ದರೆ ಆ ಸಣ್ಣ ಬ್ಯಾಟರಿ ಬೇಗ ಇಳಿಯುತ್ತದೆ, ಲೈಟ್ ಆರಿಸಿಯೇ ಸ್ಪ್ಯಾನರ್ ಎತ್ತಿಕೊಳ್ಳಿ.